ಬಾಗಿಲಿಲ್ಲದ ಊರು, ಬೀಗದ ಊರು

ಪ್ರವಾಸ ಹೊರಡುವವರು ಸಾಮಾನ್ಯವಾಗಿ ಪುಣ್ಯಕ್ಷೇತ್ರಗಳಿಗೋ ಗಿರಿಧಾಮಗಳಿಗೋ ಸಮುದ್ರತೀರಕ್ಕೋ ಹೋಗುವುದು ವಾಡಿಕೆ. ನಾವು ಮಾತ್ರ ಈಚಿನ ವರ್ಷಗಳಲ್ಲಿ ಬಾಗಿಲುಗಳನ್ನೂ ಬೀಗಗಳನ್ನೂ ನೋಡುವ ಸಲುವಾಗಿಯೇ ಎರಡು ಊರುಗಳಿಗೆ ಹೋಗಿ ಬಂದೆವು ಎಂದರೆ ಓದುಗ ಬಂಧುಗಳು ನಕ್ಕಾರು. ಅರವತ್ತು ದಾಟಿದ ವಯಸ್ಸಿನಲ್ಲಿ ಇದೆಂತಹ ಹವ್ಯಾಸವೆಂದು ಮನೆಯವರೂ ಕೇಳಿದರು. ಇದು ಹವ್ಯಾಸವಲ್ಲ. ಒಂದು ಮನೆಯಲ್ಲಿ ನಡೆದ ಕಳವು, ಆ ಕಳವಿನ ಹಿಂದೆಯೇ ನಡೆದುಹೋದ ಒಂದು ಅನ್ಯಾಯ, ಅದರಲ್ಲಿ ನಮ್ಮ ಪಾಲೂ ಇದ್ದಿತೆಂಬ ಕೊರಗು, ಇವು ನಮ್ಮನ್ನು ಆ ದಾರಿ ಹಿಡಿಸಿದವು.

೨೦೨೨ರ ಮೇ ತಿಂಗಳಿನಲ್ಲಿ ಗದಗ ಸೀಮೆಯಲ್ಲಿರುವ ನಮ್ಮ ತಂಗಿಯ ಮನೆಯವರೆಲ್ಲ ಮದುವೆಯೊಂದರ ನಿಮಿತ್ತ ನಾಲ್ಕು ದಿನ ಪರಸ್ಥಳಕ್ಕೆ ಹೋಗಿದ್ದರು. ಹೊರಡುವ ಮುನ್ನ ಅಳಿಯಂದಿರು ಪೇಟೆಯಿಂದ ದಪ್ಪನೆಯದೊಂದು ಬೀಗವನ್ನು ತಂದು ತಲೆಬಾಗಿಲಿಗೆ ಹಾಕಿ, ಮೂರು ಸಲ ಜಗ್ಗಿ ನೋಡಿ, ನಿಶ್ಚಿಂತೆಯಿಂದ ಹೋದರು. ಮರಳಿ ಬಂದಾಗ ಬೀಗವು ಮುಚ್ಚಿದಂತೆಯೇ ಇದ್ದಿತು. ಅದರ ಮೇಲೆ ಒಂದು ಗೀರು ಕೂಡ ಬಿದ್ದಿರಲಿಲ್ಲ. ಆದರೆ ಬೀಗ ಹಾಕಿದ್ದ ಕೊಂಡಿಯು ತನ್ನ ಮೊಳೆಗಳ ಸಹಿತ ಚೌಕಟ್ಟಿನಿಂದ ಕಿತ್ತು ಬಂದು ನೇತಾಡುತ್ತಿದ್ದಿತು. ಒಳಗಿನ ಕಪಾಟಿನಲ್ಲಿ ಇಟ್ಟಿದ್ದ ಬೆಳ್ಳಿಯ ಸಾಮಾನುಗಳೂ, ನಮ್ಮ ತಾಯಿಯವರು ತಂಗಿಗೆ ಕೊಟ್ಟಿದ್ದ ಡಾಬೂ ಹೋಗಿದ್ದವು.

ವಸ್ತು ಹೋದ ದುಃಖ ಒಂದೆಡೆ ಇರಲಿ. ಅಂದು ಸಂಜೆಯೇ ಮನೆಯಲ್ಲಿ ಪಿಸುಮಾತು ಹುಟ್ಟಿತು. ಹನ್ನೊಂದು ವರ್ಷ ಆ ಮನೆಯ ಮುಸುರೆ ತಿಕ್ಕಿ, ಅಂಗಳ ಗುಡಿಸಿದ್ದ ಹೆಣ್ಣುಮಗಳ ಹೆಸರು ಬಂದಿತು. ಮದುವೆಗೆ ಹೋಗುವ ಸಂಗತಿ ಆಕೆಗೆ ತಿಳಿದಿತ್ತು, ಕಪಾಟು ಎಲ್ಲಿದೆಯೆಂಬುದೂ ತಿಳಿದಿತ್ತು. ಇಷ್ಟೇ ಆಧಾರ. ಯಾರೂ ಆಕೆಯನ್ನು ಎದುರಿಗೆ ಕಳ್ಳಿ ಎನ್ನಲಿಲ್ಲ. ಆದರೆ ಕೇಳಬಾರದ ಪ್ರಶ್ನೆಗಳನ್ನು ಕೇಳಿದರು. ನಾವು ಅಲ್ಲಿಯೇ ಪಡಸಾಲೆಯಲ್ಲಿ ಕುಳಿತಿದ್ದೆವು. ಬಾಲ್ಯದಲ್ಲಿ ಮಠದ ಅನ್ನವುಂಡು ಧರ್ಮನೀತಿಗಳನ್ನು ಓದಿ, ಆಯುಷ್ಯವೆಲ್ಲ ಅವುಗಳನ್ನೇ ಪರರಿಗೆ ಹೇಳುತ್ತ ಬಂದ ನಾವು ಅಂದು ಬಾಯಿ ತೆರೆಯಲಿಲ್ಲ. ಮರುದಿನದಿಂದ ಆ ತಾಯಿ ಕೆಲಸಕ್ಕೆ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಬೇರೊಂದು ಊರಿನ ಕಳವಿನಲ್ಲಿ ಸಿಕ್ಕಿಬಿದ್ದ ಇಬ್ಬರು ಈ ಕಳವನ್ನೂ ಒಪ್ಪಿಕೊಂಡರು. ಹೊರಗೆ ನೇತಾಡುವ ಬೀಗವನ್ನೂ, ಗೇಟಿನೊಳಗೆ ಬಿದ್ದಿದ್ದ ಮೂರು ದಿನದ ದಿನಪತ್ರಿಕೆಗಳನ್ನೂ ನೋಡಿ ಒಳಹೊಕ್ಕೆವು ಎಂದು ಹೇಳಿದರಂತೆ. ಡಾಬು ಕರಗಿಹೋಗಿತ್ತು. ತಂಗಿ ಆ ಹೆಣ್ಣುಮಗಳ ಮನೆಗೆ ಹೋಗಿ ಕ್ಷಮೆ ಕೇಳಿದಳು. ಆಕೆ ಚಹಾ ಮಾಡಿ ಕೊಟ್ಟಳು. ಕೆಲಸಕ್ಕೆ ಮಾತ್ರ ಬರಲಿಲ್ಲ.

ಬೀಗವೆಂದರೇನು, ನಂಬಿಕೆಯೆಂದರೇನು ಎಂಬ ಪ್ರಶ್ನೆ ಆಗ ನಮ್ಮನ್ನು ಹಿಡಿದುಕೊಂಡಿತು. ಮೊದಲು ನಂಬಿಕೆಯ ಊರನ್ನು ನೋಡಿ ಬರೋಣವೆಂದು ೨೦೨೩ರ ಜನವರಿಯಲ್ಲಿ ಸೊಲ್ಲಾಪುರದ ಮಾರ್ಗವಾಗಿ ಶನಿ ಶಿಂಗಣಾಪುರಕ್ಕೆ ಹೊರಟೆವು.

ಮಹಾರಾಷ್ಟ್ರದ ಅಹಮದನಗರ ಜಿಲ್ಲೆಯ (೨೦೨೪ರಿಂದ ಇದಕ್ಕೆ ಅಹಿಲ್ಯಾನಗರವೆಂದು ಹೆಸರಾಗಿದೆ) ನೇವಾಸಾ ತಾಲ್ಲೂಕಿನಲ್ಲಿದೆ ಈ ಗ್ರಾಮ. ಜಿಲ್ಲಾ ಕೇಂದ್ರದಿಂದ ಸುಮಾರು ೩೫ ಕಿಲೋಮೀಟರು. ಘೋಡೇಗಾಂವದ ಹತ್ತಿರ ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗಿದರೆ ಎರಡೂ ಬದಿಗೆ ಕಬ್ಬಿನ ಹೊಲಗಳು. ಕಟ್ಟೆಯ ಮೇಲೆ ಬಯಲಿನಲ್ಲಿಯೇ ನಿಂತಿರುವ ಆಳೆತ್ತರದ ಕರಿಯ ಶಿಲೆಯೇ ಇಲ್ಲಿಯ ದೇವರು. ಅದಕ್ಕೆ ಗರ್ಭಗುಡಿಯಿಲ್ಲ, ಮೇಲೆ ಚಾವಣಿಯೂ ಇಲ್ಲ. ಭಕ್ತರು ಎಣ್ಣೆಯನ್ನು ಸಮರ್ಪಿಸುತ್ತಾರೆ. ಈ ಊರಿನಲ್ಲಿ ಕದ್ದವನು ಶನಿಯ ಮುನಿಸಿಗೆ ಗುರಿಯಾಗುವನೆಂದು ಜನ ನಂಬಿದ್ದಾರೆ. ಆದುದರಿಂದಲೇ ಮನೆಗಳಿಗೆ ಚೌಕಟ್ಟು ಇರುತ್ತದೆ, ಕದ ಇರುವುದಿಲ್ಲ. ಗ್ರಹಗತಿಯ ವಿಚಾರವಾಗಿ ನಮ್ಮ ನಿಲುವು ಬೇರೆಯಾದರೂ ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ನಾವು ನೋಡಲು ಹೋದುದು ಬಾಗಿಲನ್ನು.

ಓಣಿಯಲ್ಲಿ ನಡೆಯುತ್ತ ಹೋದಂತೆ ಚೌಕಟ್ಟುಗಳಿಗೆ ಪರದೆಗಳು ಇಳಿಬಿದ್ದಿದ್ದವು. ಕೆಲವೆಡೆ ನಾಯಿ ನುಗ್ಗದಂತೆ ಒಂದು ಹಲಗೆಯನ್ನು ಅಡ್ಡಲಾಗಿ ಒರಗಿಸಿದ್ದರು. ಮನೆಯೊಂದರ ಮುಂದೆ ಧಾನ್ಯ ಹಸನು ಮಾಡುತ್ತಿದ್ದ ಮುದುಕಿಯೊಬ್ಬಳನ್ನು ನಾವು ನಮ್ಮ ಹರಕು ಮರಾಠಿಯಲ್ಲಿ, ರಾತ್ರಿ ಭಯವಾಗುವುದಿಲ್ಲವೇ ತಾಯಿ, ಎಂದು ಕೇಳಿದೆವು. ಆಕೆ ತಲೆಯೆತ್ತದೆಯೇ, ಎದುರು ಮನೆಯವರು ನಮ್ಮವರೇ, ಪಕ್ಕದ ಮನೆಯವರೂ ನಮ್ಮವರೇ, ಹೊಸಬರು ಬಂದರೆ ಇಡೀ ಓಣಿಯೇ ನೋಡುತ್ತದೆ, ಎಂದಳು. ಅದು ಸರಿಯಾಗಿತ್ತು. ನಾವು ಆ ಓಣಿ ಹೊಕ್ಕಾಗಿನಿಂದ ಹತ್ತಾರು ಕಣ್ಣುಗಳು ನಮ್ಮನ್ನು ಹಿಂಬಾಲಿಸುತ್ತಿದ್ದುದು ನಮ್ಮ ಅರಿವಿಗೆ ಬಂದಿತ್ತು.

ಆದರೆ ಸತ್ಯವನ್ನು ಅರ್ಧ ಮಾತ್ರ ಹೇಳಬಾರದು. ೨೦೧೧ರಲ್ಲಿ ಯುಕೋ ಬ್ಯಾಂಕು ಇಲ್ಲಿ ಶಾಖೆ ತೆರೆದಾಗ ಬೀಗವಿಲ್ಲದ ಬ್ಯಾಂಕೆಂದು ದೇಶವೆಲ್ಲ ಸುದ್ದಿಯಾಯಿತು. ಅದೇ ಸುಮಾರಿಗೆ, ೨೦೧೦ ಮತ್ತು ೨೦೧೧ರಲ್ಲಿ, ಯಾತ್ರಿಕರ ಹಣ, ಒಡವೆ ಕಳುವಾದ ದೂರುಗಳೂ ಬಂದವು. ೨೦೧೫ರಲ್ಲಿ ಊರಿಗೆ ಪೊಲೀಸು ಠಾಣೆಯೂ ಬಂದಿತು. ದೂರದೂರಗಳಿಂದ ಅಪರಿಚಿತರು ಪ್ರತಿನಿತ್ಯ ಬಂದುಹೋಗುವ ಊರಿನಲ್ಲಿ ಓಣಿಯ ಕಣ್ಣು ಎಲ್ಲರನ್ನೂ ಗುರುತು ಹಿಡಿಯಲಾರದು. ಬಾಗಿಲಿಲ್ಲದ ಊರನ್ನು ಇಷ್ಟು ಕಾಲ ಕಾಪಾಡಿದುದರಲ್ಲಿ ದೈವಭೀತಿಯ ಪಾಲೆಷ್ಟೋ, ನೆರೆಹೊರೆಯ ಪಾಲೂ ಅಷ್ಟೇ ಇದೆಯೆಂದು ನಮಗೆ ತೋರಿತು. ನಮ್ಮ ಇಂದಿನ ಬಡಾವಣೆಗಳಲ್ಲಿ ಎದುರು ಮನೆಯವರ ಹೆಸರೇ ನಮಗೆ ತಿಳಿದಿರುವುದಿಲ್ಲ. ಅಂತಹವರು ಶಿಂಗಣಾಪುರದ ಅನುಕರಣೆ ಮಾಡುವಂತಿಲ್ಲ. ಅವರಿಗೆ ಬೀಗ ಬೇಕೇ ಬೇಕು.

ಹಾಗಾಗಿ ಮುಂದಿನ ವರ್ಷ ಬೀಗದ ಊರಿಗೆ ಹೊರಟೆವು. ಉತ್ತರದಲ್ಲಿ ಅಲೀಗಢ ಹೇಗೋ ದಕ್ಷಿಣದಲ್ಲಿ ದಿಂಡಿಗಲ್ಲು ಹಾಗೆ ಬೀಗಗಳಿಗೆ ಹೆಸರಾದ ಪಟ್ಟಣ. ಬೆಂಗಳೂರಿನಿಂದ ರಾತ್ರಿಯ ರೈಲು ಹಿಡಿದು ಸೇಲಂ, ಕರೂರುಗಳನ್ನು ದಾಟಿದರೆ ಮದುರೆಗೆ ಮೊದಲು ಸಿಗುತ್ತದೆ. ನಿಲ್ದಾಣದಿಂದ ಹೊರಬಿದ್ದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೋಳು ಬಂಡೆಯ ಬೆಟ್ಟವೊಂದು ಊರಿನ ನೆತ್ತಿಯ ಮೇಲೆ ಕಾಣಿಸಿಕೊಳ್ಳುತ್ತದೆ. ಒರಗುದಿಂಬಿನಂತಹ ಕಲ್ಲು ಎಂಬ ಅರ್ಥದಲ್ಲಿ ಊರಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. ನಮ್ಮ ಕನ್ನಡದ ದಿಂಡು, ಕಲ್ಲು ಎಂಬ ಮಾತುಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡನಾಡಿನ ಚರಿತ್ರೆಗೂ ಈ ಬೆಟ್ಟಕ್ಕೂ ನಂಟಿದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಮದುರೆಯ ನಾಯಕ ಅರಸರು ಇಲ್ಲಿ ಕೋಟೆ ಕಟ್ಟಿಸಿದರು. ಮುಂದೆ ಇದು ಮೈಸೂರಿನ ವಶಕ್ಕೆ ಬಂದು, ೧೭೫೫ರಲ್ಲಿ ಹೈದರಾಲಿಯು ಇಲ್ಲಿಯ ಫೌಜುದಾರನಾಗಿ ನೇಮಕಗೊಂಡನು. ಆತನ ಏಳಿಗೆಗೆ ಮೆಟ್ಟಿಲಾದುದು ಈ ಬಂಡೆಯೇ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ದಿಂಡಿಗಲ್ಲನ್ನು ಆಂಗ್ಲರಿಗೆ ಬಿಟ್ಟುಕೊಡಬೇಕಾಯಿತು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಏರಿ ಕೋಟೆಯ ಗೋಡೆಗಳ ನಡುವೆ ನಿಂತಾಗ, ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ನಮ್ಮ ಕಡೆಯ ಗಾದೆ ನೆನಪಾಯಿತು. ತಂಗಿಯ ಮನೆಯ ಕಳವಾದ ಮೇಲೆ ಬೀಗ ಹುಡುಕಲು ಬಂದ ನಮಗೆ ಅದು ಚೆನ್ನಾಗಿಯೇ ಒಪ್ಪುತ್ತಿತ್ತು.

ತಮಿಳಿನಲ್ಲಿ ಬೀಗಕ್ಕೆ ಪೂಟ್ಟು ಎನ್ನುತ್ತಾರೆ. ನೊಗಕ್ಕೆ ಎತ್ತು ಹೂಡುವ ನಮ್ಮ ಹೂಡು, ಹಳಗನ್ನಡದ ಪೂಡು, ಇದರ ಬಳಗದ ಮಾತೇ ಅದು. ಎರಡನ್ನು ಒಂದುಗೂಡಿಸುವುದೇ ಅದರ ಮೂಲಭಾವ. ನಮ್ಮಲ್ಲಿಯೂ ಮೈಸೂರು ಕಡೆಯವರು ಬೀಗ, ಬೀಗದ ಕೈ ಎಂದರೆ ನಾವು ಉತ್ತರದವರು ಕೀಲಿ, ಕೀಲಿಕೈ ಎನ್ನುತ್ತೇವೆ. ಬೀಗರೆಂಬ ಮಾತನ್ನು ನೆನೆದು, ಎರಡು ಮನೆಗಳನ್ನು ಕೂಡಿಸಿ ಹಾಕಿದ ಬೀಗವೇ ಬೀಗರು ಎಂದು ಹಿರಿಯರು ವಿನೋದ ಮಾಡುವುದನ್ನು ಕೇಳಿದ್ದೇವೆ.

ದಿಂಡಿಗಲ್ಲಿನ ಬೀಗದ ಕೆಲಸ ಬಹುಮಟ್ಟಿಗೆ ಕೈಕೆಲಸ. ಊರೊಳಗೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಗೆ ಹೊಂದಿದ ಸಣ್ಣ ಸಣ್ಣ ಕೊಟ್ಟಿಗೆಗಳಲ್ಲಿ ಅರದ ಸದ್ದು ಕೇಳುತ್ತದೆ. ೨೦೧೯ರಲ್ಲಿ ದಿಂಡಿಗಲ್ಲಿನ ಬೀಗಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಯಂತ್ರದಿಂದ ತಯಾರಾದ ಅಗ್ಗದ ಬೀಗಗಳ ಮುಂದೆ ಈ ಕಸುಬು ಸೊರಗಿದೆ. ಹೊಸ ತಲೆಮಾರಿನವರು ಇದರತ್ತ ಬರುತ್ತಿಲ್ಲ. ನಾವು ಹೋದ ಕೊಟ್ಟಿಗೆಯ ಯಜಮಾನರಿಗೆ ಎಪ್ಪತ್ತರ ಹತ್ತಿರ. ಹಿಂದೆ ಬೆಂಗಳೂರಿನಲ್ಲಿ ಅಂಗಡಿಯಿಟ್ಟಿದ್ದ ಅವರ ಸಂಬಂಧಿಕರೊಬ್ಬರು ಕನ್ನಡ ಬಲ್ಲವರಾದುದರಿಂದ ನಮ್ಮಿಬ್ಬರ ಮಾತಿಗೆ ಸೇತುವೆಯಾದರು.

ಆ ಹಿರಿಯರು ಅರ್ಧ ಮುಗಿದ ಬೀಗವೊಂದನ್ನು ಬಿಚ್ಚಿ ನಮಗೆ ತೋರಿಸಿದರು. ಒಳಗೆ ತೆಳುವಾದ ಹಿತ್ತಾಳೆಯ ತಗಡುಗಳು ಒಂದರ ಮೇಲೊಂದು ಕುಳಿತಿದ್ದವು. ಇವಕ್ಕೆ ಲಿವರ್ ಎನ್ನುತ್ತಾರೆ. ಪ್ರತಿಯೊಂದರಲ್ಲಿಯೂ ಒಂದು ಕಂಡಿ. ಕೀಲಿಕೈಯ ಹಲ್ಲುಗಳು ಪ್ರತಿ ತಗಡನ್ನೂ ಅದಕ್ಕೆ ತಕ್ಕ ಎತ್ತರಕ್ಕೆ ಎತ್ತಿದಾಗ ಕಂಡಿಗಳೆಲ್ಲ ಒಂದೇ ಸಾಲಿಗೆ ಬಂದು ಅಗುಳಿ ಸರಿಯಲು ದಾರಿಯಾಗುತ್ತದೆ. ಒಂದು ತಗಡು ಕೂದಲೆಳೆಯಷ್ಟು ಹೆಚ್ಚು ಎದ್ದರೂ, ಕಡಿಮೆ ಎದ್ದರೂ ಅಗುಳಿ ಸರಿಯದು. ತಗಡುಗಳ ಸಂಖ್ಯೆ ಹೆಚ್ಚಿದಷ್ಟೂ ಕಳ್ಳಗೈಯಿಂದ ತೆರೆಯುವುದು ಕಷ್ಟ. ನಗರಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ, ಚಪ್ಪಟೆ ಕೀಲಿಕೈಯ ಬೀಗದ ಕ್ರಮ ಬೇರೆ. ಅದರಲ್ಲಿ ತಗಡುಗಳ ಬದಲು ಸ್ಪ್ರಿಂಗಿನ ಒತ್ತಡದಲ್ಲಿರುವ ಸಣ್ಣ ಕಡ್ಡಿಗಳಿರುತ್ತವೆ. ೧೮೬೦ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಅದಕ್ಕೆ ಇಂದಿನ ರೂಪ ಕೊಟ್ಟನು. ಕಡ್ಡಿ ಬಿದ್ದು ಅಗುಳಿಯನ್ನು ಹಿಡಿಯುವ ಆ ಉಪಾಯ ಮಾತ್ರ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲಿಯೇ ಇದ್ದಿತು.

ಯಾರೂ ತೆರೆಯಲಾರದ ಬೀಗವೊಂದು ಇದೆಯೇ, ಎಂದು ನಾವು ಕೇಳಿದೆವು. ಹಿರಿಯರು ನಕ್ಕು, ಮನುಷ್ಯ ಮಾಡಿದ್ದನ್ನು ಮನುಷ್ಯ ತೆರೆಯುತ್ತಾನೆ ಐಯಾ, ಎಂದರು. ಅವರ ಮಾತಿಗೆ ಚರಿತ್ರೆಯ ಸಾಕ್ಷಿಯೂ ಇದೆ. ೧೮೫೧ರಲ್ಲಿ ಲಂಡನ್ನಿನಲ್ಲಿ ಮಹಾ ವಸ್ತುಪ್ರದರ್ಶನ ನಡೆದಾಗ ಹಾಬ್ಸ್ ಎಂಬ ಅಮೆರಿಕದ ಬೀಗತಜ್ಞನು, ಅಭೇದ್ಯವೆಂದು ಹೆಸರಾಗಿದ್ದ ಚಬ್ ಬೀಗವನ್ನು ಅರ್ಧ ಗಂಟೆಯೊಳಗೆ ತೆರೆದು ತೋರಿಸಿದನು. ದಶಕಗಳ ಕಾಲ ಅಂಗಡಿಯ ಕಿಟಕಿಯಲ್ಲಿಟ್ಟು ಪಂಥಾಹ್ವಾನ ಹಾಕಿದ್ದ ಬ್ರಾಮಾ ಬೀಗವನ್ನೂ ಅವನು ತೆರೆದನು. ಆದರೆ ಅದಕ್ಕೆ ಹದಿನಾರು ದಿನಗಳಲ್ಲಿ ೫೧ ಗಂಟೆಗಳ ಶ್ರಮ ಹಿಡಿಯಿತು. ಯಾವ ಕಳ್ಳನಿಗೆ ಅಷ್ಟು ವ್ಯವಧಾನವಿದ್ದೀತು? ಒಳ್ಳೆಯ ಬೀಗವು ಕಳ್ಳನನ್ನು ಎಂದೆಂದಿಗೂ ತಡೆಯದು, ಅವನ ಹೊತ್ತನ್ನು ತಿನ್ನುತ್ತದೆ. ಹೊತ್ತು, ಸದ್ದು, ಬೆಳಕು ಈ ಮೂರಕ್ಕೆ ಕಳ್ಳನು ಅಂಜುವಷ್ಟು ಮತ್ತಾವುದಕ್ಕೂ ಅಂಜುವುದಿಲ್ಲ.

ನಾವು ತಂಗಿಯ ಮನೆಯ ಸಂಗತಿಯನ್ನು ಹೇಳಿದಾಗ ಆ ಹಿರಿಯರು ಏನೂ ಆಡದೆ ಎದ್ದು, ತಮ್ಮದೇ ಕೊಟ್ಟಿಗೆಯ ಬಾಗಿಲ ಬಳಿ ಹೋಗಿ ಕೊಂಡಿಯನ್ನು ಬೆರಳಿನಿಂದ ತಟ್ಟಿದರು. ಕೊಂಡಿಯ ಪಟ್ಟಿಯನ್ನು ಮೊಳೆಯಿಂದ ಬಡಿದಿರಲಿಲ್ಲ. ಕದದ ಆಚೆಯವರೆಗೂ ಹಾಯುವ ಬೋಲ್ಟುಗಳನ್ನು ಹಾಕಿ ಒಳಬದಿಯಲ್ಲಿ ತಿರುಪು ಬಿಗಿದಿದ್ದರು. ಹೊರಗಿನಿಂದ ಬಿಚ್ಚಲು ತಿರುಪಿನ ತಲೆಯೇ ಕೈಗೆ ಸಿಗುವಂತಿರಲಿಲ್ಲ. ಬೀಗ ನಾನು ಮಾಡಿ ಕೊಡಬಲ್ಲೆ, ಬಾಗಿಲನ್ನು ನೀವು ನೋಡಿಕೊಳ್ಳಬೇಕು, ಎಂದರು. ಈ ಒಂದು ಮಾತಿಗಾಗಿ ನಾವು ಅಷ್ಟು ದೂರ ಹೋದುದು ಸಾರ್ಥಕವಾಯಿತು.

ನಮ್ಮ ಹಳೆಯ ವಾಡೆಗಳನ್ನು ಕಟ್ಟಿದವರು ಇದನ್ನು ಬಲ್ಲವರಾಗಿದ್ದರು. ಗೇಣು ದಪ್ಪದ ಚೌಕಟ್ಟು, ಸಾಗುವಾನಿಯ ಕದ, ರಾತ್ರಿಯಾದೊಡನೆ ಗೋಡೆಯೊಳಗಿನ ತೂತಿನಿಂದ ಎಳೆದು ಅಡ್ಡ ಹಾಕುವ ಮರದ ಅಗುಳಿ. ಆ ಬಾಗಿಲನ್ನು ಒಡೆಯುವುದಕ್ಕಿಂತ ಗೋಡೆಗೆ ಕನ್ನ ಕೊರೆಯುವುದೇ ಕಳ್ಳರಿಗೆ ಸುಲಭವಾಗಿ ತೋರುತ್ತಿದ್ದಿತು. ಇಂದು ನಾವು ತೆಳ್ಳನೆಯ ಪೊಳ್ಳು ಕದಕ್ಕೆ ಸಾವಿರಾರು ರೂಪಾಯಿಯ ಬೀಗ ಹಾಕಿ ನೆಮ್ಮದಿಯಾಗಿರುತ್ತೇವೆ. ಹಿತ್ತಿಲ ಬಾಗಿಲಿಗಂತೂ ಒಂದು ಚಿಲಕವೇ ಗತಿ. ಕಳ್ಳನು ಬೀಗದೊಡನೆ ಹೋರಾಡುವುದಿಲ್ಲ. ಸಲಾಕೆಯನ್ನು ಸಂದಿಗೆ ತೂರಿಸಿ ಎಲ್ಲಿ ಸಡಿಲವೋ ಅಲ್ಲಿ ಮೀಟುತ್ತಾನೆ.

ಆದುದರಿಂದ ಗೃಹಸ್ಥರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ನಮ್ಮ ಅನುಭವದ ಮೇಲಿಂದ ಅರಿಕೆ ಮಾಡುತ್ತೇವೆ. ಹೊರಬಾಗಿಲ ಕದವು ಗಟ್ಟಿ ಮರದ್ದಾಗಿರಲಿ, ಚೌಕಟ್ಟು ಗೋಡೆಗೆ ಭದ್ರವಾಗಿ ಕಚ್ಚಿಕೊಂಡಿರಲಿ. ಕೀಲುಗಳು ಹೊರಗೆ ಕಾಣುವಂತಿದ್ದರೆ ಅವುಗಳ ಕಡ್ಡಿಯನ್ನು ಹೊಡೆದು ತೆಗೆದು ಕದವನ್ನೇ ಇಳಿಸಬಹುದು. ಅವು ಒಳಗಿರುವುದು ಲೇಸು. ಹೊರಗೆ ನೇತಾಡುವ ಬೀಗವು, ಮನೆಯಲ್ಲಿ ಯಾರೂ ಇಲ್ಲ ಎಂದು ಬೀದಿಗೆಲ್ಲ ಸಾರುತ್ತದೆ. ಕದದೊಳಗೆಯೇ ಕೂಡಿಸುವ ಬೀಗಕ್ಕೆ ಆ ದೋಷವಿಲ್ಲ. ಒಳಗೆ ಜನರಿದ್ದಾಗಲೂ, ಇಲ್ಲದಾಗಲೂ ಬಾಗಿಲು ಒಂದೇ ಬಗೆಯಾಗಿ ಕಾಣುತ್ತದೆ. ಅದರ ಅಗುಳಿಯು ಚೌಕಟ್ಟಿನೊಳಗೆ ಒಂದು ಅಂಗುಲವಾದರೂ ಇಳಿಯಬೇಕು, ಅಲ್ಲಿಯ ಕಬ್ಬಿಣದ ಪಟ್ಟಿಯನ್ನು ಉದ್ದನೆಯ ತಿರುಪುಗಳಿಂದ ಬಿಗಿದಿರಬೇಕು. ಎಳೆದರೆ ತಾನಾಗಿಯೇ ಮುಚ್ಚಿಕೊಳ್ಳುವ ಬೀಗವೊಂದನ್ನೇ ನಂಬಿ ಹೊರಡುವುದು ತರವಲ್ಲ. ಕೀಲಿಕೈ ತಿರುಗಿಸಿ ಅಗುಳಿಯನ್ನು ಪೂರ್ತಿ ಹೊರಡಿಸಬೇಕು. ಆದರೆ ಒಳಗಿನಿಂದ ತೆರೆಯಲು ಕೀಲಿಕೈ ಹುಡುಕಬೇಕಾದ ಬೀಗವು ವೃದ್ಧರೂ ಮಕ್ಕಳೂ ಇರುವ ಮನೆಗೆ ಬೇಡ. ಬೆಂಕಿಯ ಅಪಘಾತವಾದರೆ ಅದೇ ಮೃತ್ಯುವಾದೀತು.

ಕೀಲಿಕೈಯನ್ನು ತುಳಸಿಕಟ್ಟೆಯ ಸಂದಿಯಲ್ಲಿಯೋ, ಕಾಲೊರಸಿನ ಕೆಳಗೋ, ಮೀಟರಿನ ಪೆಟ್ಟಿಗೆಯ ಮೇಲೋ ಇಡುವ ಪದ್ಧತಿ ಇನ್ನೂ ಹೋಗಿಲ್ಲ. ನಮಗೆ ತಿಳಿದಿರುವ ಆ ಸ್ಥಳಗಳು ಕಳ್ಳನಿಗೆ ತಿಳಿಯದೆ ಇದ್ದಾವೆಯೇ? ಹಳೆಯ ಮನೆಯನ್ನು ಕೊಂಡರೆ, ಬಾಡಿಗೆಯವರು ಬಿಟ್ಟುಹೋದರೆ, ಕೀಲಿಕೈ ಕಳೆದರೆ ಬೀಗವನ್ನು ಬದಲಿಸಬೇಕು. ಪರಸ್ಥಳಕ್ಕೆ ಹೋಗುವಾಗ ಹಾಲು, ಪತ್ರಿಕೆಗಳನ್ನು ನಿಲ್ಲಿಸಬೇಕು. ಸಮೀಪದ ಪೊಲೀಸು ಠಾಣೆಗೆ ತಿಳಿಸಿದರೆ ಗಸ್ತಿನವರು ಕಣ್ಣಿಡುತ್ತಾರೆ. ಯಾತ್ರೆಯ ಚಿತ್ರಗಳನ್ನು ಯಾತ್ರೆಯಲ್ಲಿರುವಾಗಲೇ ವಾಟ್ಸಾಪಿನಲ್ಲಿ ನಾಲ್ಕೂರಿಗೆ ಹಂಚುವ ಉತ್ಸಾಹವನ್ನು ಮನೆಗೆ ಮರಳುವವರೆಗೆ ತಡೆದುಕೊಂಡರೆ ಒಳಿತು. ಅಂಗಳದಲ್ಲಿ ರಾತ್ರಿ ಒಂದು ದೀಪವಿರಲಿ. ಒಡವೆಗಳು ಬ್ಯಾಂಕಿನ ಲಾಕರಿನಲ್ಲಿರಲಿ. ಮರಳಿ ಬಂದಾಗ ಬಾಗಿಲು ಒಡೆದಿದ್ದರೆ ಒಳಗೆ ನುಗ್ಗದೆ, ಏನನ್ನೂ ಮುಟ್ಟದೆ, ಮೊದಲು ೧೧೨ಕ್ಕೆ ಕರೆ ಮಾಡಬೇಕು. ಎಲ್ಲಕ್ಕೂ ಮಿಗಿಲಾಗಿ ಎದುರು ಮನೆಯವರ ಪರಿಚಯವಿರಲಿ. ಶಿಂಗಣಾಪುರದಿಂದ ನಾವು ತಂದ ಪಾಠವೆಂದರೆ ಇದೊಂದೇ.

ಬೀಗ ಹಾಕುವುದು ನೆರೆಯವರ ಮೇಲಿನ ಅಪನಂಬಿಕೆಯಲ್ಲವೇ ಎಂದು ಕೇಳುವವರಿದ್ದಾರೆ. ನಾವು ಬಾಲ್ಯದಲ್ಲಿದ್ದ ಮಠದಲ್ಲಿ ದಾಸೋಹದ ಪಡಸಾಲೆಗೆ ಕೀಲಿಯಿರಲಿಲ್ಲ. ನಡುರಾತ್ರಿ ಬಂದವನಿಗೂ ಅಲ್ಲಿ ರೊಟ್ಟಿ ಇರುತ್ತಿದ್ದಿತು. ಉಗ್ರಾಣಕ್ಕೆ ಮಾತ್ರ ದೊಡ್ಡದೊಂದು ಕೀಲಿ. ಒಮ್ಮೆ ನಾವು ಹುಡುಗರು ಉಗ್ರಾಣಿಯವರನ್ನು, ನಮ್ಮ ಮೇಲೆ ಸಂಶಯವೇ, ಎಂದು ಕೇಳಿದೆವು. ಅವರು, ಸಂಶಯ ಬರಬಾರದೆಂದೇ ಕೀಲಿ ಹಾಕಿದ್ದೇನೆ, ನಾಳೆ ಒಂದು ಸೇರು ಬೆಲ್ಲ ಕಡಿಮೆಯಾದರೆ ನಾನು ನಿಮ್ಮ ಮುಖಗಳನ್ನು ನೋಡಬೇಕಾಗುತ್ತದೆ, ಎಂದರು. ಆ ಮಾತಿನ ತೂಕ ಅಂದು ನಮಗೆ ತಿಳಿಯಲಿಲ್ಲ. ತಂಗಿಯ ಮನೆಯ ಪಡಸಾಲೆಯಲ್ಲಿ ಬಾಯಿ ಕಟ್ಟಿ ಕುಳಿತ ದಿನ ತಿಳಿಯಿತು.

ದಿಂಡಿಗಲ್ಲಿನಿಂದ ನಾವು ತಂದ ಬೀಗವನ್ನು ತಂಗಿಯ ಮನೆಯ ಹಿತ್ತಿಲ ಬಾಗಿಲಿಗೆ, ಒಳಗಿನಿಂದ ಬಿಗಿದ ಹೊಸ ಕೊಂಡಿಗೆ ಹಾಕಿದ್ದಾರೆ. ತಲೆಬಾಗಿಲಿಗೆ ಕದದೊಳಗಿನ ಬೀಗ ಕೂಡಿಸಿದ್ದಾರೆ. ಕಳೆದ ದೀಪಾವಳಿಗೆ ಅವರೆಲ್ಲ ಮಗನ ಊರಿಗೆ ಹೊರಟಾಗ ತಂಗಿಯು ಆ ಹೆಣ್ಣುಮಗಳ ಮನೆಗೆ ಹೋಗಿ, ನಮ್ಮ ಕೀಲಿಕೈ ನಿನ್ನ ಹತ್ತಿರವೇ ಇರಲಿ, ದಿನಾ ಒಂದು ದೀಪ ಹಚ್ಚು, ಎಂದು ಕೈಮುಗಿದಳಂತೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಕೀಲಿಕೈ ಮಾತ್ರ ಬ್ಯಾಡ್ರಿ ಅಕ್ಕಾರ. ಹೊರಗಿನ ಅಂಗಳಾ ಕಸಾ ಹೊಡದು, ನೀರ ಹಾಕಿ, ರಂಗೋಲಿ ಬಿಡಸಿ ಹೋಗ್ತೀನ್ರಿ” ಎಂದಳಂತೆ.

ಹಬ್ಬದ ಐದು ದಿನವೂ ಆ ಮನೆಯ ಮುಂದೆ ಹೊಸ ರಂಗೋಲಿ ಇದ್ದಿತು. ಒಳಗೆ ಯಾರೂ ಇಲ್ಲವೆಂದು ದಾರಿಹೋಕರಿಗೆ ತೋರಲೇ ಇಲ್ಲ.